ಕೊಡಗಿನಲ್ಲಿ ಕೂತು ರೀಜೆನ್ಸಿ ಪ್ರೇಮಕಾದಂಬರಿ ಬರೆಯುವವರಿಗೆ

ರೀಜೆನ್ಸಿ ಕಾದಂಬರಿ, ಅಂದರೆ ಹತ್ತೊಂಬತ್ತನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ ನಡೆಯುವ ಪ್ರೇಮಕತೆ, ಎಂದರೆ ಗೌನು, ಬಾಲ್‌ರೂಮು, ಸಿರಿವಂತ ಡ್ಯೂಕ್ ಇಷ್ಟೇ ಎಂದುಕೊಂಡು ಬರೆಯಲು ಕೂತರೆ ಕತೆ ಮೂರನೇ ಅಧ್ಯಾಯಕ್ಕೇ ಮುಗ್ಗರಿಸುತ್ತದೆ. ಈ ಪ್ರಕಾರವನ್ನು ಓಡಿಸುವುದು ಕಟ್ಟುಪಾಡು. ಯಾವ ಗೆರೆ ದಾಟಿದರೆ ಯಾರ ಮಾನ ಹೋಗುತ್ತದೆ ಎಂದು ಓದುಗರಿಗೆ ಮೊದಲೇ ತಿಳಿದಿರಬೇಕು. ಆಗಲೇ ನಾಯಕಿ ಆ ಗೆರೆಯ ಹತ್ತಿರ ಸುಳಿದಾಗ ನಗುವೂ ಬರುತ್ತದೆ, ಎದೆಯೂ ಢವಗುಟ್ಟುತ್ತದೆ. ಕೊಡಗಿನಲ್ಲಿ ಬೆಳೆದವರಿಗೆ ಇದರ ಒಳಮರ್ಮ ಬೇಗ ಹತ್ತುತ್ತದೆ. ಹೆಸರು ಹೇಳಿದ ಕೂಡಲೇ 'ಯಾವ ಒಕ್ಕ?' (ಯಾವ ಮನೆತನ?) ಎಂದು ಕೇಳುವ, ಮದುವೆ ಮನೆಯಲ್ಲಿ ಯಾರು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಎಂಬುದು ಮರುದಿನವೇ ಸುದ್ದಿಯಾಗುವ ಊರು ನಮ್ಮದು.

ಮೊದಲು ವರ್ಷ ಗೊತ್ತುಮಾಡಿಕೊಳ್ಳಿ. ಮೂರನೇ ಜಾರ್ಜ್ ದೊರೆ ಕಾಯಿಲೆ ಬಿದ್ದು, ಅವನ ಹೆಸರಿನಲ್ಲಿ ಮಗ ರೀಜೆಂಟನಾಗಿ (ರಾಜಪ್ರತಿನಿಧಿಯಾಗಿ) ಆಳಿದ್ದು 1811ರ ಫೆಬ್ರವರಿಯಿಂದ 1820ರ ಜನವರಿವರೆಗೆ. ಹಗುರ ಕತೆಗೆ 1814ರ ಬೇಸಿಗೆ ಹೇಳಿ ಮಾಡಿಸಿದ್ದು: ನೆಪೋಲಿಯನ್ ಎಲ್ಬಾ ದ್ವೀಪ ಸೇರಿದ್ದಾನೆ, ರಷ್ಯಾದ ಚಕ್ರವರ್ತಿ, ಪ್ರಷ್ಯಾದ ದೊರೆ ಲಂಡನ್ನಿಗೆ ಬಂದಿದ್ದಾರೆ, ಊರೆಲ್ಲ ಔತಣ. ನಾಯಕ ಸೈನಿಕನಾದರೆ 1815ರ ಜೂನ್ 18ರಂದು, ವಾಟರ್‌ಲೂ ಕದನದ ದಿನ, ಅವನು ಎಲ್ಲಿದ್ದ ಎಂದು ಹೇಳಲೇಬೇಕು. 1816ರಲ್ಲಿ ಮಾತ್ರ ಬಿಸಿಲಿನ ಪಿಕ್‌ನಿಕ್ ಬೇಡ. ಹಿಂದಿನ ವರ್ಷ ತಂಬೋರಾ ಜ್ವಾಲಾಮುಖಿ ಸಿಡಿದು ಆ ಸಲ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬರೀ ಮಳೆ, ಚಳಿ. ಹಳ್ಳಿಯ ಬಂಗಲೆಯಲ್ಲಿ ನಾಲ್ಕು ದಿನ ಸಿಕ್ಕಿಬಿದ್ದ ಜೋಡಿಯ ಕತೆ ಬೇಕಿದ್ದರೆ ಆ ವರ್ಷ ಹಿಡಿಯಿರಿ. ಭಾಗಮಂಡಲದ ಮಳೆ ಕಂಡವರಿಗೆ ಅದನ್ನು ಬರೆಯಲು ಯಾರೂ ಕಲಿಸಬೇಕಿಲ್ಲ.

ಆಮೇಲೆ ಬಿರುದು. ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್. ಬ್ಯಾರನೆಟ್ ಈ ಐದರೊಳಗೆ ಸೇರುವುದಿಲ್ಲ, ಅವನು ಬರೀ 'ಸರ್ ಥಾಮಸ್'. ಹೆಚ್ಚಿನವರು ತಪ್ಪುವುದು ಹೆಂಗಸರ ಹೆಸರಿನಲ್ಲಿ. ಅರ್ಲ್ ಆಷ್‌ಕೂಂಬನ ಹೆಂಡತಿ ಲೇಡಿ ಆಷ್‌ಕೂಂಬ್. ಮಗಳು ಲೇಡಿ ಹೆಲೆನ್. ಇವೆರಡನ್ನು ಅದಲುಬದಲು ಮಾಡಿದರೆ ಬಲ್ಲ ಓದುಗರು ಅಲ್ಲೇ ಪುಸ್ತಕ ಮಡಚುತ್ತಾರೆ. ದತ್ತುಮಗನಿಗೆ ಬಿರುದು ಹೋಗುವುದಿಲ್ಲ, ಉಯಿಲು ಬರೆದು ಕೊಡಲೂ ಬರುವುದಿಲ್ಲ. ಹಾಗಾಗಿ 'ಮುದುಕ ಡ್ಯೂಕ್ ಮೆಚ್ಚಿ ಬಿರುದು ಕೊಟ್ಟ' ಎಂಬ ತಿರುವು ನಡೆಯದು. ನಾಯಕನಿಗೆ ಅರ್ಲ್ ಅಥವಾ ವೈಕೌಂಟ್ ಪದವಿ ಸಾಕು. ಹಣದ ಲೆಕ್ಕವೂ ಕೈಯಲ್ಲಿರಲಿ: ಹತ್ತು ಸಾವಿರ ಪೌಂಡ್ ವರದಕ್ಷಿಣೆಯನ್ನು ಸರ್ಕಾರಿ ಸಾಲಪತ್ರದಲ್ಲಿಟ್ಟರೆ ವರ್ಷಕ್ಕೆ ಸುಮಾರು ನಾನೂರರಿಂದ ಐನೂರು ಪೌಂಡ್ ಬರುತ್ತಿತ್ತು.

ಈಗ ನೃತ್ಯದ ದೃಶ್ಯ. ಇದರ ಮೇಲೆ ಎಷ್ಟು ದುಡಿದರೂ ನಷ್ಟವಿಲ್ಲ. ಒಂದು ರಾತ್ರಿಯಲ್ಲಿ ಒಬ್ಬ ಗಂಡಸು ಒಬ್ಬಳ ಜೊತೆ ಎರಡು ಸುತ್ತು ಕುಣಿಯಬಹುದು, ಒಂದೊಂದು ಸುತ್ತು ಸುಮಾರು ಅರ್ಧ ಗಂಟೆ. ಮೂರನೆಯದಕ್ಕೆ ಕೈ ಚಾಚಿದರೆ ನಿಶ್ಚಿತಾರ್ಥವಾಯಿತೆಂದೇ ಊರು ಮಾತಾಡುತ್ತದೆ. ಇನ್ನೊಂದು ನಿಯಮ ಇದಕ್ಕಿಂತ ಉಪಯೋಗಕ್ಕೆ ಬರುತ್ತದೆ: ಕರೆದವನಿಗೆ ಒಲ್ಲೆ ಎಂದ ಹುಡುಗಿ ಬೇರೊಬ್ಬನ ಜೊತೆ ಕುಣಿಯುವಂತಿಲ್ಲ, ಅದು ಕರೆದವನಿಗೆ ಮಾಡಿದ ಅವಮಾನ.

ದೃಶ್ಯವನ್ನು ಹೀಗೆ ಕಟ್ಟಿ. ಗಾಡಿಯಲ್ಲಿ ಬರುವಾಗಲೇ ಚಿಕ್ಕಮ್ಮನ ಬಾಯಲ್ಲಿ ಎರಡೂ ನಿಯಮ ಹೇಳಿಸಿಬಿಡಿ. ಒಳಗೆ ಬಂದ ಕೂಡಲೇ ವಾಚಾಳಿ ಪಾದ್ರಿಯೊಬ್ಬ ಕರೆಯುತ್ತಾನೆ, ನಾಯಕಿ ಕಾಲುನೋವಿನ ನೆಪ ಹೇಳುತ್ತಾಳೆ. ಮರುಕ್ಷಣ ನಾಯಕ ಎದುರು ನಿಲ್ಲುತ್ತಾನೆ. ಅವಳು ಏಳುವಂತಿಲ್ಲ, ಅವನಿಗೆ ಕಾರಣ ಗೊತ್ತಿಲ್ಲ. ಇಲ್ಲಿ ವಿವರಣೆ ಬೇಡ. ಅವಳ ಬೀಸಣಿಗೆ ಮುಚ್ಚಿಕೊಳ್ಳಲಿ, ಪಾದ್ರಿ ನಿಂಬೆ ಪಾನಕ ಹಿಡಿದು ವಾಪಸು ಬರಲಿ. ಬೇರೆ ರಾತ್ರಿ ಅವರು ಕುಣಿಯುವಾಗ ಮಾತನ್ನು ತುಂಡು ತುಂಡಾಗಿಯೇ ಬರೆಯಿರಿ. ಕಂಟ್ರಿ ಡ್ಯಾನ್ಸಿನಲ್ಲಿ ಜೋಡಿಗಳು ಅಗಲಿ ಮತ್ತೆ ಸೇರುತ್ತವೆ. ಅರ್ಧ ಮಾತು ಆಡಿ ದೂರ ಹೋದವನು ಉತ್ತರ ಕೇಳಲು ತಿರುಗಿ ಬರುವವರೆಗಿನ ಆ ಅಂತರವೇ ದೃಶ್ಯದ ಜೀವ. ಒಂದೇ ಉಸಿರಿಗೆ ಹತ್ತು ಸಾಲು ಆಡಿಸಿದರೆ ಕುಣಿತ ನಿಂತುಹೋದಂತೆ ಕಾಣುತ್ತದೆ.

ಲಂಡನ್ನಿನ ಆಲ್ಮ್ಯಾಕ್ಸ್ ಸಭಾಭವನಕ್ಕೆ ಕರೆದೊಯ್ಯುವುದಾದರೆ ಬುಧವಾರ ರಾತ್ರಿ. ಕುಲೀನ ಮಹಿಳೆಯರ ಮಂಡಳಿ ಕೊಟ್ಟ ಪ್ರವೇಶ ಚೀಟಿ ಬೇಕು, ಹನ್ನೊಂದು ದಾಟಿದ ಮೇಲೆ ಬಾಗಿಲು ತೆರೆಯುವುದಿಲ್ಲ, ಊಟ ಸಪ್ಪೆ. ವಾಲ್ಟ್ಸ್ ಕುಣಿಯಲು ಆ ಮಂಡಳಿಯ ಅಪ್ಪಣೆ ಬೇಕೆನ್ನುವುದು ಕಾದಂಬರಿಗಳು ಬೇರೂರಿಸಿದ ರೂಢಿ. ಬಳಸಿ, ಆದರೆ ಇಡೀ ಕತೆಯನ್ನು ಅದಕ್ಕೆ ನೇತುಹಾಕಬೇಡಿ.

ಓಡಿಹೋಗುವ ಪ್ರಸಂಗಕ್ಕೆ ಕಾನೂನು ತಿಳಿದಿರಲಿ. ಇಂಗ್ಲೆಂಡಿನ 1753ರ ವಿವಾಹ ಕಾಯ್ದೆಯ ಪ್ರಕಾರ ಪರವಾನಗಿ ಪಡೆದು ಮದುವೆಯಾಗಲು 21 ತುಂಬದವರಿಗೆ ತಂದೆಯ ಒಪ್ಪಿಗೆ ಬೇಕು. ಪರವಾನಗಿ ಇಲ್ಲದಿದ್ದರೆ ಮೂರು ಭಾನುವಾರ ಚರ್ಚಿನಲ್ಲಿ ಸಾರಬೇಕು, ಆಗ ತಂದೆ ಎದ್ದು ತಡೆಯಬಹುದು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಇಲ್ಲ. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್‌ಗೆ ಜೋಡಿಗಳು ಓಡುತ್ತಿದ್ದದ್ದು ಅದಕ್ಕೇ. ಲಂಡನ್ನಿನಿಂದ ಅಲ್ಲಿಗೆ 300 ಮೈಲಿಗೂ ಹೆಚ್ಚು. ಕುದುರೆ ಬದಲಿಸುತ್ತ ಗಂಟೆಗೆ ಏಳೆಂಟು ಮೈಲಿ ಹೋದರೂ ಎರಡು ದಿನ ಹಿಡಿಯುತ್ತದೆ. ಹಿಂದೆ ಅಟ್ಟಿಸಿಕೊಂಡು ಬರುವವರಿಗೆ, ದಾರಿಯ ಛತ್ರದಲ್ಲಿ ಜಗಳವಾಡಿ ಮನಸ್ಸು ಬದಲಾಯಿಸುವುದಕ್ಕೆ ಬೇಕಾದಷ್ಟು ಹೊತ್ತಾಯಿತು. ರೈಲು, ಬೆಂಕಿಕಡ್ಡಿ ತರಬೇಡಿ, ಎರಡೂ ಆಮೇಲೆ ಬಂದವು. ಅಂಚೆಯ ಹಣ ಕೊಡುವವರು ಕಾಗದ ಪಡೆದವರು. ನಿಶ್ಚಿತಾರ್ಥವಾಗದ ಗಂಡು ಹೆಣ್ಣು ಕಾಗದ ಬರೆದುಕೊಳ್ಳುವಂತೆಯೇ ಇಲ್ಲ.

ಈ ಕೊನೆಯ ನಿಯಮ ಬಲು ದೊಡ್ಡ ಆಸರೆ. ಎರಡು ಮಾತಲ್ಲಿ ಬಗೆಹರಿಯುವ ಅಪಾರ್ಥವನ್ನು ಇನ್ನೂರು ಪುಟ ಎಳೆದರೆ ಓದುಗರಿಗೆ ರೇಗುತ್ತದೆ. ಅವರಿಬ್ಬರು ಆ ಎರಡು ಮಾತು ಆಡಲಾಗದ್ದಕ್ಕೆ ಕಟ್ಟುಪಾಡಿನಲ್ಲೇ ಕಾರಣ ಇಡಿ. ಸಂಭಾಷಣೆಯಲ್ಲಿ ಇಬ್ಬರೂ 'ನೀವು' ಎಂದೇ ಸಾಗಲಿ. 'ನೀನು' ಕೊನೆಯ ಅಧ್ಯಾಯಗಳಲ್ಲಿ ಒಮ್ಮೆ ಬಾಯ್ತಪ್ಪಿ ಬರಲಿ, ಅಷ್ಟೇ ಸಾಕು.

ಇದೇ ಹದದ ಕತೆಯನ್ನು ಕೊಡಗಿನಲ್ಲೇ ನಡೆಸುವ ಆಸೆ ಹಲವರಿಗಿದೆ, ಅದು ಒಳ್ಳೆಯ ಆಸೆ. ಕಾಲವೂ ಕೂಡಿಬಂದಿದೆ: ಕೊಡಗಿನ ರಾಜ ಲಿಂಗರಾಜೇಂದ್ರ ಆಳಿದ್ದೂ 1811ರಿಂದ 1820ರವರೆಗೆ. ಮಡಿಕೇರಿ ಕೋಟೆಯ ಅರಮನೆ, ಓಂಕಾರೇಶ್ವರ ದೇವಾಲಯ ಅವನ ಕಾಲದವು. ಆದರೆ ಬಿಳಿಯ ಪ್ಲಾಂಟರನನ್ನು ನಾಯಕನಾಗಿಸಬೇಡಿ. ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ, ಯುರೋಪಿಯನ್ನರ ಕಾಫಿ ಎಸ್ಟೇಟುಗಳು ಬಂದದ್ದು 1850ರ ದಶಕದಲ್ಲಿ. ಕೊಡಗಿನ ರಾಜಕುಮಾರಿ ಗೌರಮ್ಮನ ಕ್ರೈಸ್ತ ದೀಕ್ಷೆಯಲ್ಲಿ ವಿಕ್ಟೋರಿಯಾ ರಾಣಿ ಧರ್ಮಮಾತೆಯಾದದ್ದು 1852ರಲ್ಲಿ, ಅವಳನ್ನೂ ಇಲ್ಲಿಗೆ ಎಳೆಯಲಾಗದು.

ಗಂಡು ಹೆಣ್ಣು ಜೋಡಿಯಾಗಿ ಕುಣಿಯುವ ಬಾಲ್ ಇಲ್ಲಿಲ್ಲ. ಸುಗ್ಗಿಹಬ್ಬ ಪುತ್ತರಿಯ ಕೋಲಾಟ ಗಂಡಸರದು, ಉಮ್ಮತ್ತಾಟ್ ಕುಣಿತ ಹೆಂಗಸರದು. ಹಾಗಾಗಿ ಕುಣಿತವನ್ನಲ್ಲ, ಅದು ಮಾಡುವ ಕೆಲಸವನ್ನು ತನ್ನಿ: ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಅವನ ಕೋಲು ತಾಳ ತಪ್ಪಲಿ, ಯಾರನ್ನು ನೋಡಿ ತಪ್ಪಿತು ಎಂದು ಒಬ್ಬ ಅಜ್ಜಿಗೆ ಗೊತ್ತಾಗಲಿ. ಹೆಣ್ಣಿನ ಕಡೆಯ ಚಿಕ್ಕಮ್ಮನ ಜಾಗಕ್ಕೆ ಎರಡೂ ಮನೆಯ ಗುಟ್ಟು ಬಲ್ಲ ಅರುವ, ಅಂದರೆ ಮನೆತನದ ಪರವಾಗಿ ಮಾತಾಡುವ ಆಪ್ತ, ಇದ್ದಾನೆ. ಹಿರಿಮಗನಿಗೇ ಹೋಗುವ ಎಸ್ಟೇಟಿನ ಇಕ್ಕಟ್ಟಿಗೆ ಬದಲು ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇದೆ, ಒಬ್ಬನೇ ಮನಸ್ಸು ಮಾಡಿ ಮಾರಲಾಗದ್ದು. ನಾಯಕ ನಾಯಕಿ ಒಂದೇ ಒಕ್ಕದವರಾಗದಂತೆ ಮನೆ ಹೆಸರುಗಳನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಈಗಿರುವ ಯಾವ ಕುಟುಂಬದ ಹೆಸರನ್ನೂ ಬಳಸದೆ ಹೊಸದೊಂದು ಕಟ್ಟಿ, ಬಲ್ಲ ಹಿರಿಯರೊಬ್ಬರಿಗೆ ತೋರಿಸಿಯೇ ಮೊದಲ ಅಧ್ಯಾಯ ಶುರುಮಾಡಿ.