ಲಂಟಾನ ಗೀರಿದ ಬಾಗಿಲನ್ನು ನಾನೇ ಸರಿ ಮಾಡಿಕೊಂಡೆ

ಹೋದ ದೀಪಾವಳಿಗೆ ಹೊಸನಗರದ ಹತ್ತಿರ ಅಜ್ಜನ ಮನೆಗೆ ಹೋಗಿದ್ದೆವು. ಸಣ್ಣ ರಸ್ತೆ, ಎದುರಿಗೆ ಬಸ್ಸು. ಪಕ್ಕಕ್ಕೆ ಸರಿದಾಗ ಲಂಟಾನ ಪೊದೆ ಎಡಗಡೆಯ ಎರಡೂ ಬಾಗಿಲನ್ನು ಗೀರಿತು. ಕಡುನೀಲಿ ಕಾರು. ಬಿಸಿಲಿಗೆ ಬಿಳಿ ಗೆರೆಗಳು ಎದ್ದು ಕಾಣುತ್ತಿದ್ದವು.

ಗ್ಯಾರೇಜಿನಲ್ಲಿ ಎರಡೂ ಬಾಗಿಲಿಗೆ ಹೊಸ ಪೇಂಟ್ ಹೊಡೆಯಬೇಕು ಎಂದರು. ನನಗೆ ಮನಸ್ಸು ಬರಲಿಲ್ಲ. ಕಾರ್ಖಾನೆಯಲ್ಲಿ ಬರೀ ತಗಡಿನ ಬಾಡಿಗೆ ಪೇಂಟ್ ಹೊಡೆದು ಜಾಸ್ತಿ ಶಾಖದಲ್ಲಿ ಒಣಗಿಸಿರುತ್ತಾರೆ. ವೈರು, ಪ್ಲಾಸ್ಟಿಕ್ಕು, ಸೀಟು ಎಲ್ಲ ಕೂತ ಕಾರಿಗೆ ಗ್ಯಾರೇಜಿನಲ್ಲಿ ಅಷ್ಟು ಶಾಖ ಕೊಡಲು ಆಗುವುದಿಲ್ಲ. ಮೂಲ ಪೇಂಟ್ ಉಳಿಸಿಕೊಳ್ಳುವುದೇ ಒಳ್ಳೆಯದು.

ಮೊದಲು ಗೀರು ಎಷ್ಟು ಆಳ ಅಂತ ನೋಡಿದೆ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ತಲೆಕೂದಲಿಗಿಂತ ತೆಳು. ಗೆರೆಯ ಮೇಲೆ ನೀರು ಹಾಕಿದಾಗ ಅದು ಮಾಯವಾದರೆ, ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳದಿದ್ದರೆ, ಪೆಟ್ಟು ಆ ಪದರದಲ್ಲೇ ನಿಂತಿದೆ ಎಂದರ್ಥ. ನನ್ನ ಕಾರಿನಲ್ಲಿ ಎರಡು ಗೆರೆ ಬಿಟ್ಟು ಉಳಿದವೆಲ್ಲ ಹಾಗೇ ಇದ್ದವು.

ಉಜ್ಜುವುದಕ್ಕಿಂತ ತೊಳೆಯುವುದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿಯಿತು. ಮಲೆನಾಡಿನ ಕೆಂಪು ಧೂಳಿನಲ್ಲಿ ಸಣ್ಣ ಮರಳು ಇರುತ್ತದೆ. ಅದರ ಮೇಲೇ ಬಟ್ಟೆ ಆಡಿಸಿದರೆ ಹೊಸ ಗೀರು ಗ್ಯಾರಂಟಿ. ಪೈಪಿನಲ್ಲಿ ಚೆನ್ನಾಗಿ ನೀರು ಬಿಟ್ಟು, ಕಾರ್ ಶಾಂಪೂ ಹಾಕಿ, ಬಟ್ಟೆ ಅದ್ದಲು ಒಂದು ಬಕೆಟ್, ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಂಡೆ. ಜಾಲಿಸಿದ ಬಕೆಟ್ಟಿನ ತಳದಲ್ಲಿ ನಿಂತ ಮರಳು ನೋಡಿದ ಮೇಲೆ, ಬೆಳಿಗ್ಗೆ ಒಣ ಬಟ್ಟೆಯಲ್ಲಿ ಕಾರು ಒರೆಸುವ ಅಭ್ಯಾಸವನ್ನೇ ಬಿಟ್ಟೆ. ಬೋನೆಟ್ ಮೇಲೆ ಬಿಸಿಲಿಗೆ ಕಾಣುವ ಜೇಡರ ಬಲೆಯಂಥ ಗೆರೆಗಳು ಬಹುತೇಕ ಆ ಒಣ ಒರೆಸಾಟದಿಂದಲೇ ಬಂದವು.

ನೆರಳಿನಲ್ಲಿ, ಬಾಗಿಲು ಮುಟ್ಟಿದರೆ ತಣ್ಣಗಿರುವಾಗ ಶುರು ಮಾಡಿದೆ. ಅಂಚುಗಳಲ್ಲಿ ಪದರ ಇನ್ನೂ ತೆಳು ಇರುತ್ತದೆ, ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಮೈಕ್ರೋಫೈಬರ್ ಬಟ್ಟೆಗೆ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ (ಪೇಂಟಿನ ಮೇಲ್ಪದರವನ್ನು ನುಣ್ಣಗೆ ಉಜ್ಜುವ ಪೇಸ್ಟ್) ಹಚ್ಚಿ, ಬಾಗಿಲಿನ ಕೆಳಗಿನ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಒಂದೊಂದು ಅಂಗೈಯಷ್ಟು ಜಾಗ ಹಿಡಿದು ಉಜ್ಜಿದೆ. ಟೂತ್‌ಪೇಸ್ಟ್ ಸಾಕು ಅನ್ನುವವರಿದ್ದಾರೆ. ಅದನ್ನು ಮಾಡಿರುವುದು ಹಲ್ಲಿಗೆ, ಪೇಂಟಿಗಲ್ಲ ಅಲ್ವಾ? ನಾನು ಆ ಕಡೆ ಹೋಗಲಿಲ್ಲ.

ಕಾಂಪೌಂಡಿನ ಎಣ್ಣೆ ಗೀರಿನೊಳಗೆ ತುಂಬಿ, ಹೋಯಿತು ಅನ್ನುವ ಭ್ರಮೆ ಹುಟ್ಟಿಸುತ್ತದೆ. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ಟಾರ್ಚ್ ಬಿಟ್ಟು ನೋಡಿದೆ. ಮೂರು ಸಲದಲ್ಲಿ ಗೆರೆಗಳು ಹೋದವು. ಮೇಲೆ ಪಾಲಿಶ್, ಕೊನೆಗೆ ವ್ಯಾಕ್ಸ್.

ಉಗುರಿಗೆ ಸಿಕ್ಕ ಆ ಎರಡು ಗೆರೆ ಮಸುಕಾದವು, ಪೂರ್ತಿ ಹೋಗಲಿಲ್ಲ. "ಇನ್ನೊಂದು ಸಲ ಉಜ್ಜೋ ಅಣ್ಣಾ" ಅಂದ ತಮ್ಮ. ನಾನು ಒಪ್ಪಲಿಲ್ಲ. ಪ್ರತಿ ಸಲ ಉಜ್ಜಿದಾಗಲೂ ಕ್ಲಿಯರ್ ಕೋಟ್ ಸ್ವಲ್ಪ ಸವೆಯುತ್ತದೆ, ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ. ಆ ಎರಡು ಗೆರೆ ಈಗಲೂ ಹಿಂದಿನ ಬಾಗಿಲಿನ ಹಿಡಿಯ ಕೆಳಗೆ ಇವೆ.