ಹುಳಿಯಿಂದ ಹಲ್ಲು ಸವೆಯದಂತೆ ಬಾಯಿ ಮುಕ್ಕಳಿಸುವ ಕ್ರಮ

ಹುಳಿ ಪದಾರ್ಥ ತಿಂದ ಮೇಲೆ ಮೊದಲು ಮಾಡಬೇಕಾದದ್ದು ಬಾಯಿ ತುಂಬ ನೀರು ತೆಗೆದುಕೊಂಡು ಎರಡು ಮೂರು ಸಲ ಮುಕ್ಕಳಿಸಿ ಉಗುಳುವುದೇ ಹೊರತು ಬ್ರಶ್ ಹಿಡಿಯುವುದಲ್ಲ. ಬಾಯಿಯೊಳಗಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಮೇಲ್ಪದರವಾದ ಎನಾಮೆಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ. ನಿಂಬೆರಸದ ಪಿಎಚ್ 2ರಿಂದ 3ರ ನಡುವೆ ಇರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತು ಕುಡಿಯುವ ನಿಂಬೆ ಸೋಡಾ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಮಕ್ಕಳು ಬಹಳ ಹೊತ್ತು ಚೀಪುವ ಹುಣಸೆಹಣ್ಣಿನ ಚಿಗಳಿ, ಇವೆಲ್ಲವೂ ಹಲ್ಲಿನ ಮೇಲ್ಪದರವನ್ನು ಕೆಲಕಾಲ ಮೆತ್ತಗಾಗಿಸುತ್ತವೆ. ಮೆತ್ತಗಾದ ಆ ಪದರವನ್ನು ಬ್ರಶ್ ಕೆರೆದು ತೆಗೆಯುವುದರಿಂದ, ಜೊಲ್ಲು ಹುಳಿಯನ್ನು ತಗ್ಗಿಸಿ ಆ ಪದರವನ್ನು ಮತ್ತೆ ಗಟ್ಟಿಯಾಗಿಸುವವರೆಗೆ, ಅಂದರೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ, ಕಾಯುವುದು ಒಳ್ಳೆಯದು. ನಸುಕಿನಲ್ಲಿ ನಿಂಬೆರಸ ಬೆರೆಸಿದ ಬಿಸಿನೀರು ಕುಡಿದು ಕೂಡಲೇ ಹಲ್ಲುಜ್ಜುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಹುಳಿತೇಗು ಇರುವವರಿಗೆ ಹಾಗೂ ಬಸಿರಿನಲ್ಲಿ ವಾಂತಿಯಾಗುವವರಿಗೆ ಬರೀ ನೀರಿಗಿಂತ ಅಡುಗೆ ಸೋಡಾದ ನೀರು ಮೇಲು. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಸೋಡಾ ಕದಡಿ, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಬೇಕು, ನುಂಗಬಾರದು. ಉಪ್ಪುನೀರು ಒಸಡಿಗೆ ಹಿತವೆನಿಸಿದರೂ ಆಮ್ಲವನ್ನು ತಟಸ್ಥಗೊಳಿಸುವ ಗುಣ ಅದಕ್ಕಿಲ್ಲ.

ಔಷಧ ಅಂಗಡಿಯಲ್ಲಿ ಮೌತ್‌ವಾಶ್ ಕೊಳ್ಳುವಾಗ ಬಣ್ಣ, ಘಾಟು ನೋಡಿ ಮರುಳಾಗದೆ, ಎನಾಮೆಲನ್ನು ಗಟ್ಟಿಗೊಳಿಸುವ ಸೋಡಿಯಂ ಫ್ಲೋರೈಡ್ ಇದೆಯೇ ಎಂದು ಚೀಟಿಯಲ್ಲಿ ಓದಬೇಕು. ದಿನಬಳಕೆಯ ದ್ರಾವಣದಲ್ಲಿ ಅದು ಸಾಮಾನ್ಯವಾಗಿ ಶೇ. 0.05ರಷ್ಟಿರುತ್ತದೆ. ಕ್ಲೋರ್‌ಹೆಕ್ಸಿಡಿನ್ ಒಸಡಿನ ಕಾಯಿಲೆಗೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಬರೆದುಕೊಡುವ ಔಷಧ. ಸವೆತಕ್ಕೆ ಅದು ಮದ್ದಲ್ಲ, ಮೇಲಾಗಿ ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದುಬಣ್ಣ ಹಿಡಿಯುತ್ತದೆ. ಕೆಲವು ಮೌತ್‌ವಾಶ್‌ಗಳೇ ಆಮ್ಲೀಯವಾಗಿರುವುದರಿಂದ, ಈಗಾಗಲೇ ಹಲ್ಲು ಜುಮ್ಮೆನ್ನುವವರು ದಂತವೈದ್ಯರನ್ನು ಕೇಳಿಯೇ ಆಯ್ದುಕೊಳ್ಳುವುದು ಕ್ಷೇಮ.

ಫ್ಲೋರೈಡ್ ದ್ರಾವಣವನ್ನು ಹಲ್ಲುಜ್ಜಿದ ಬೆನ್ನಲ್ಲೇ ಬಳಸುವುದು ವಾಡಿಕೆಯಾದರೂ ಅದರಿಂದ ನಷ್ಟವೇ ಹೆಚ್ಚು, ಏಕೆಂದರೆ ಪೇಸ್ಟಿನಲ್ಲಿರುವ ಹೆಚ್ಚು ಸಾಂದ್ರವಾದ ಫ್ಲೋರೈಡ್ ತೊಳೆದುಹೋಗಿ ತೆಳುವಾದದ್ದು ಉಳಿಯುತ್ತದೆ. ಮಧ್ಯಾಹ್ನ ಊಟವಾಗಿ ನೀರಿನಿಂದ ಬಾಯಿ ತೊಳೆದ ನಂತರ 10 ಮಿಲಿ ತೆಗೆದುಕೊಂಡು, ಒಂದು ನಿಮಿಷ ಎಲ್ಲ ಹಲ್ಲುಗಳಿಗೂ ತಾಗುವಂತೆ ಆಡಿಸಿ ಉಗುಳಿ, ಮುಂದಿನ ಅರ್ಧ ಗಂಟೆ ಏನನ್ನೂ ತಿನ್ನದೆ, ನೀರನ್ನೂ ಕುಡಿಯದೆ ಇರಬೇಕು. ಕರಗಿಹೋದ ಎನಾಮೆಲನ್ನು ಯಾವ ದ್ರಾವಣವೂ ಮರಳಿ ಬೆಳೆಸುವುದಿಲ್ಲ. ದಿನವಿಡೀ ಗುಟುಕು ಗುಟುಕಾಗಿ ಸೋಡಾ ಕುಡಿಯುವವರಿಗೆ ಇದರ ಪ್ರಯೋಜನವೂ ಅಷ್ಟಕ್ಕಷ್ಟೇ.

ಗದಗ ಜಿಲ್ಲೆಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮುಂಡರಗಿ ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುವುದರಿಂದ, ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನ ಮಕ್ಕಳು ದ್ರಾವಣವನ್ನೂ ನುಂಗಿದರೆ ಕಲೆಗಳು ಹೆಚ್ಚಬಹುದು. 6 ವರ್ಷದೊಳಗಿನ ಮಕ್ಕಳಿಗೆ ಎಲ್ಲಿಯೂ ಇದನ್ನು ಕೊಡಬಾರದು. ಅಂಥ ಊರುಗಳಲ್ಲಿ ದೊಡ್ಡ ಮಕ್ಕಳಿಗೂ ವೈದ್ಯರನ್ನು ಕೇಳಿಯೇ ಕೊಡಬೇಕು. ಫ್ಲೋರೈಡಿನ ಕಲೆ ಬಿಳಿ ಅಥವಾ ಕಂದು ಮಚ್ಚೆಯಾಗಿ ಕಾಣುತ್ತದೆ. ಆಮ್ಲದ ಸವೆತದಲ್ಲಿ ಹಲ್ಲು ನುಣ್ಣಗಾಗಿ, ಅಂಚು ತೆಳುವಾಗಿ, ಒಳಗಿನ ಹಳದಿ ಇಣುಕುತ್ತದೆ. ಎರಡನೆಯದು ಕಂಡರೆ ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿನಲ್ಲಾಗಲಿ ಸಮೀಪದ ದಂತವೈದ್ಯರಲ್ಲಾಗಲಿ ತೋರಿಸಿ, ಹುಳಿ ಎಲ್ಲಿಂದ ಬರುತ್ತಿದೆ, ಊಟದಿಂದಲೋ ಹೊಟ್ಟೆಯಿಂದಲೋ, ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.