ಹುಣಸೆ ಬೀಜದಲ್ಲಿ ಎಣಿಸಿದ ಗಂಡ-ಹೆಂಡಿರ ಮಾತು

ಮೊನ್ನೆ ವೈವಾ ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೊದಲು ಕೇಳಿದ್ದೇ ಹುಣಸೆ ಬೀಜದ ಬಗ್ಗೆ. ನಾಲ್ಕು ವರ್ಷದ ಹಿಂದೆ ಇದೇ ಬೀಜದ ಮಾತೆತ್ತಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು "ಏನಮ್ಮ, ಪಿಎಚ್.ಡಿ. ಮಾಡ್ತಿದ್ದೀಯೋ, ಚೌಕಾಬಾರ ಆಡ್ತಿದ್ದೀಯೋ?" ಅಂದಿದ್ದರು. ಅವರು ಮೊನ್ನೆ ಮುಂದಿನ ಸಾಲಿನಲ್ಲೇ ಕೂತಿದ್ದರು, ಅಷ್ಟು ಹೇಳಿದರೆ ಸಾಕು.

ನನ್ನ ವಿಷಯ ಮಂಡ್ಯ ಸೀಮೆಯ ಕೂಡುಕುಟುಂಬಗಳಲ್ಲಿ ಗಂಡ-ಹೆಂಡತಿ ದಿನಕ್ಕೆ ಎಷ್ಟು ಮಾತಾಡುತ್ತಾರೆ, ಹೇಗೆ ಮಾತಾಡುತ್ತಾರೆ ಅನ್ನೋದು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ: ರಾಚೆಸ್ಟರ್ ಇಂಟರಾಕ್ಷನ್ ರೆಕಾರ್ಡನ್ನು ಕನ್ನಡಕ್ಕಿಳಿಸಿ ಒಯ್ದೆ. ವೀಲರ್ ಮತ್ತು ನೆಜ್ಲೆಕ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ಅಮೆರಿಕದ ಕಾಲೇಜು ಮಕ್ಕಳ ಮೇಲೆ ಪ್ರಯೋಗಿಸಿದ ನಮೂನೆ ಅದು. ಹತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಡೆದ ಮಾತುಕತೆಯನ್ನು ಮಾತ್ರ ಬರೆಯಬೇಕು. ಸುಮಾರು ನಲವತ್ತು ಮನೆ, ಎರಡು ವಾರ, ಝೆರಾಕ್ಸ್‌ಗೇ ಎರಡು ಸಾವಿರದ ಮೇಲೆ. ವಾಪಸ್ ಬಂದ ಹಾಳೆಗಳು ಹೆಚ್ಚುಕಡಿಮೆ ಖಾಲಿ. "ಡೇಟಾನೇ ಇಲ್ವಲ್ಲಮ್ಮ" ಅಂದರು ಗೈಡ್. ಒಬ್ಬಾಕೆ ನನಗೇ ಬುದ್ಧಿ ಹೇಳಿದಳು: "ಹತ್ತು ನಿಮ್ಸ ಯಾರ್ ಕುಂತ್ಕಂಡು ಮಾತಾಡ್ತಾರೆ ಮೇಡಂ? ಅಷ್ಟೊತ್ಗೆ ಹಾಲು ಡೈರಿಗೆ ಹೋಗ್ಬೇಕು."

ಆಮೇಲೆ ಒಪ್ಪಿಗೆಯನ್ನು ಒಂದರಿಂದ ಐದರವರೆಗೆ ಅಳೆಯುವ ಪ್ರಶ್ನಾವಳಿ. ಅತ್ತೆ ಪಕ್ಕದಲ್ಲೇ ಕೂತಿರುವಾಗ "ನಿಮ್ಮ ಪತಿ ನಿಮ್ಮ ಮಾತಿಗೆ ಕಿವಿಗೊಡುತ್ತಾರೆಯೇ?" ಅಂತ ಕೇಳಿದರೆ ಏನು ಬರುತ್ತೆ? ಎಲ್ಲರದೂ 'ಸಂಪೂರ್ಣವಾಗಿ ಒಪ್ಪುತ್ತೇನೆ'. ಆ ಕಟ್ಟು ಇನ್ನೂ ಅಟ್ಟದ ಮೇಲಿದೆ.

ದಾರಿ ಕಂಡದ್ದು ಒಂದು ಅಡುಗೆಮನೆಯಲ್ಲಿ. ಆಕೆ ಬಸ್ಸಾರಿಗೆ ಸೊಪ್ಪು ಬಿಡಿಸುತ್ತಿದ್ದಳು, ಗಂಡ ಜಗಲಿ ಮೇಲೆ, ನಡುಮನೆಯಲ್ಲಿ ಆರು ವರ್ಷದ ಮಗ. "ನಿಮ್ಮಪ್ಪಂಗೆ ಕೇಳು, ಮುದ್ದೆಗೆ ಎಸರಿಟ್ಬುಡ್ಲಾ ಅಂತ." ಹುಡುಗ ಬಾಯಿ ತೆರೆಯುವ ಮೊದಲೇ ಜಗಲಿಯಿಂದ: "ಇಡು ಅನ್ನು." ಹುಡುಗ ತಲೆ ಎತ್ತಲೂ ಇಲ್ಲ, ಅವನ ಪಾಡಿಗೆ ಗೋಲಿ ಆಡುತ್ತಿದ್ದ. ಮಾತು ಮುಗಿಯಲು ನಾಲ್ಕು ಸೆಕೆಂಡು ಹಿಡಿದಿರಬಹುದು. ನಾನು ಹುಡುಕುತ್ತಿದ್ದ ಮಾತುಕತೆ ಅದೇ, ನನ್ನ ಹತ್ತು ನಿಮಿಷದ ಜರಡಿಯಲ್ಲಿ ಅದು ಸೋರಿಹೋಗುತ್ತಿತ್ತು. ಅವತ್ತಿನಿಂದ ನಿಮಿಷ ಬಿಟ್ಟು ತುಣುಕು ಎಣಿಸಲು ಶುರುಮಾಡಿದೆ.

ಎಣಿಸೋದು ಹೇಗೆ? ಮನಶ್ಶಾಸ್ತ್ರಜ್ಞ ಮೆಹ್ಲ್ ಅವರ ಇಎಆರ್ ಎಂಬ ರೆಕಾರ್ಡರಿನಂತೆ ಆಗಾಗ ಅರ್ಧ ನಿಮಿಷ ತಾನೇ ರೆಕಾರ್ಡ್ ಮಾಡಿಕೊಳ್ಳುವ ವ್ಯವಸ್ಥೆ ಆಗಬಹುದಿತ್ತು, ಆದರೆ ಎಂಟು ಜನರ ಮನೆಯಲ್ಲಿ ಎಂಟೂ ಜನರ ಒಪ್ಪಿಗೆ ಬೇಕು, ಬಂದುಹೋಗುವವರದು ಬೇರೆ. ಕೈಬಿಟ್ಟೆ. ಡಬ್ಬಿ ಕೊಟ್ಟು, ಮಾತಾಡಿದಾಗಲೆಲ್ಲ ಒಂದು ಕಾಳು ಹಾಕಿ ಅಂದೆ. ಮೊದಲು ಕೊಟ್ಟದ್ದು ಅವರೆಕಾಳು. ಮೂರನೇ ದಿನ ಒಂದು ಮನೆಯ ಅತ್ತೆ ನನ್ನ ಡೇಟಾವನ್ನು ಸಾರಿಗೆ ಹಾಕಿದ್ದರು. ಇನ್ನೆರಡು ಮನೆಯಲ್ಲಿ ಇಲಿ.

ಹುಣಸೆ ಬೀಜವನ್ನು ಯಾರೂ ಬೇಯಿಸುವುದಿಲ್ಲ. ನಮ್ಮಜ್ಜಿ ಚೌಕಾಬಾರಕ್ಕೆ ಒಂದು ಮಗ್ಗುಲು ತೇಯ್ದು ಬಿಳಿ ಮಾಡುತ್ತಿದ್ದದ್ದು ನೆನಪಾಯಿತು. ನೇರವಾಗಿ ಆಡಿದ ಮಾತಿಗೆ ಇಡೀ ಬೀಜ, ಮಗುವಿನ ಮೂಲಕವೋ ಅತ್ತೆಯ ಮೂಲಕವೋ ದಾಟಿಸಿದ ಮಾತಿಗೆ ತೇಯ್ದ ಬೀಜ. ಸಾವಿರಕ್ಕೂ ಹೆಚ್ಚು ಬೀಜ ಹಿತ್ತಿಲ ಕಲ್ಲಿನ ಮೇಲೆ ತೇಯ್ದೆ, ಬೆರಳಿನ ಸಿಪ್ಪೆ ಎದ್ದಿತ್ತು. ಒಂದು ಮನೆಯಲ್ಲಿ ಮೊದಲ ದಿನ ಸುರಿದಾಗ ಮೂವತ್ತರ ಆಸುಪಾಸು ಬೀಜ, ಅದರಲ್ಲಿ ಹದಿಮೂರೋ ಹದಿನಾಲ್ಕೋ ಬಿಳಿ. "ನಾವ್ ಮಾತೇ ಆಡಲ್ಲ" ಅಂದಿದ್ದ ದಂಪತಿ ಅವರು.

ಗಂಡಸರ ಡಬ್ಬಿ ತಿಂಗಳುಗಟ್ಟಲೆ ಖಾಲಿಯೇ ಬರುತ್ತಿತ್ತು. ಅವರೂ ಬೀಜ ಹಾಕುವಂತೆ ಮಾಡಿದ್ದು ಹೇಗೆ ಅನ್ನೋದನ್ನು ಮಾತ್ರ ಈಗ ಬರೆಯುವುದಿಲ್ಲ, ಲೇಖನ ಅಚ್ಚಾಗಲಿ. ಒಂದು ಪತ್ರಿಕೆ ಒಪ್ಪಿಕೊಂಡ ಮರುದಿನವೇ ಹನ್ನೆರಡು ಸಾವಿರ ಕಟ್ಟಿ ಅಂದಿತು. ಬಿಟ್ಟು ಬೇರೆ ಕಡೆ ಕಳಿಸಿದ್ದೇನೆ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನಾನು ಅತಿಥಿ ಉಪನ್ಯಾಸಕಿ, ಸಂಬಳ ಮೂರು ತಿಂಗಳಿಗೊಮ್ಮೆ ಬಂದರೆ ಪುಣ್ಯ. ಬಸ್ಸಿಗೇ ತಿಂಗಳಿಗೆ ಸಾವಿರದೈನೂರರ ಹತ್ತಿರ ಹೋಗುತ್ತಿತ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ನನ್ನ ಕ್ಷೇತ್ರಕಾರ್ಯ ಉಳಿಯಿತು. ಬರೆಯುವುದಾದರೆ ಕೃತಜ್ಞತೆಯ ಪುಟದಲ್ಲಿ ಶೂನ್ಯ ಟಿಕೆಟ್‌ಗೂ ಒಂದು ಸಾಲು ಬರೆಯಬೇಕಿತ್ತು. ದೊಡ್ಡ ಖರ್ಚು ಆ ಮನೆಗಳವರು ಸಂಜೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳನ್ನು ಬರಹಕ್ಕಿಳಿಸಿದ್ದು. "ಹೋಯ್ತದೆ", "ಬತ್ತದೆ" ಅನ್ನುವ ಮಾತು ಯಾವ ಆ್ಯಪ್‌ಗೂ ತಿಳಿಯಲಿಲ್ಲ. ಎಂ.ಎ. ಹುಡುಗಿಯರಿಬ್ಬರು ನುಡಿ ತಂತ್ರಾಂಶದಲ್ಲಿ ಕುಟ್ಟಿದರು, ಒಂದು ಗಂಟೆ ಆಡಿಯೋಗೆ ಆರೇಳು ಗಂಟೆ. ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ ಅಂತ ನೆನಪು. ಓಲೆ ಅಡವಿಟ್ಟಿದ್ದೆ, ಈಗ ಬಿಡಿಸಿಕೊಂಡಿದ್ದೇನೆ.

ನಡುವೆ ದಾಂಪತ್ಯದ ಸಂಶೋಧಕ ಗಾಟ್‌ಮನ್ ಅವರ ಐದಕ್ಕೊಂದರ ಲೆಕ್ಕವನ್ನೂ ಪರೀಕ್ಷಿಸಲು ಹೋದೆ. ಜಗಳದ ಮಾತಿನ ನಡುವೆಯೂ ಒಂದು ಕೆಟ್ಟ ಮಾತಿಗೆ ಐದು ಒಳ್ಳೆಯದು ಇದ್ದರೆ ದಾಂಪತ್ಯ ಗಟ್ಟಿ ಅನ್ನುವುದು ಅವರ ಅಧ್ಯಯನಗಳಿಂದ ಬಂದ ಮಾತು. ನಮ್ಮಲ್ಲಿ ಕೋಡಿಂಗೇ, ಅಂದರೆ ಯಾವ ಮಾತು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಗುರುತು ಹಾಕೋದೇ, ಕೂರಲಿಲ್ಲ. "ಉಣ್ಣದೆ ಹೋದ್ಯಲ್ಲ, ನಿನ್ ಮನೆ ಕಾಯ್ವಾಗ" ಅನ್ನೋದಕ್ಕೆ ಒಬ್ಬಳು ಮೈನಸ್ ಹಾಕಿದಳು, ಇನ್ನೊಬ್ಬಳು ಪ್ಲಸ್. ಕಪ್ಪಾ, ಅಂದರೆ ಇಬ್ಬರು ಹಾಕಿದ ಗುರುತು ಎಷ್ಟು ಹೊಂದುತ್ತೆ ಅನ್ನೋ ಅಳತೆ, 0.4 ದಾಟಲಿಲ್ಲ. ಬರಹ ಪಕ್ಕಕ್ಕಿಟ್ಟು ಧ್ವನಿ ಕೇಳಿಸಿ ಕೋಡ್ ಮಾಡಿಸಿದ ಮೇಲೆ 0.7ರ ಹತ್ತಿರ ಬಂತು. ಆದರೂ ಪ್ರಬಂಧದಲ್ಲಿ ಸೇರಿಸಲಿಲ್ಲ.

ಸರ್ವನಾಮದ ಹುಚ್ಚೂ ಹತ್ತಿತ್ತು. ಬ್ರೌನ್ ಮತ್ತು ಗಿಲ್ಮನ್ ಎಂಬ ಸಂಶೋಧಕರು 1960ರಲ್ಲಿ ಯುರೋಪಿನ ಭಾಷೆಗಳ ನೀನು-ನೀವುಗಳನ್ನು ಅಧಿಕಾರ ಮತ್ತು ಆಪ್ತತೆಯ ಮೇಲೆ ತೂಗಿದರು. ನಮ್ಮ ಹೆಂಗಸರು ಅವೆರಡನ್ನೂ ತಪ್ಪಿಸಿ "ಇವ್ರು ಸಂತೆಗೆ ಹೋಯ್ತಾರಂತಾ?" ಅಂತ ಎದುರಿಗಿರುವ ಗಂಡನನ್ನೇ ಕೇಳಬಲ್ಲರು. ಇದಕ್ಕೆ ಯಾವ ಬೀಜ ಹಾಕಬೇಕು ಅಂತ ಒಬ್ಬಾಕೆ ಕೇಳಿದಾಗ ನನಗೂ ತೋಚಲಿಲ್ಲ. ಅರ್ಧ ತೇಯ್ದದ್ದು ಹಾಕಿ ಅಂದೆ.

ಈಗ ವಾಟ್ಸ್ಆ್ಯಪ್‌ನಲ್ಲಿ ಆಡುವ ಮಾತಿಗೆ ಸೀತಾಫಲದ ಬೀಜ ಇಟ್ಟು ಎರಡು ಮನೆಯಲ್ಲಿ ನೋಡುತ್ತಿದ್ದೇನೆ. ಸಣ್ಣದು, ನುಣುಪು, ಬೆರಳಿಂದ ಜಾರುತ್ತೆ. ಬೇರೆ ಯಾವುದಾದರೂ ಬೀಜ ಹುಡುಕಬೇಕು.